ಪಡಸಾಲೆಯ ಚಿತ್ರದಲ್ಲಿದ್ದ ಬಾಗಿಲು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಂಬುತ್ತಿರಲಿಲ್ಲ. ನಂಬದಿರುವುದಕ್ಕೆ ನನ್ನ ಹತ್ತಿರ ಒಳ್ಳೆಯ ಕಾರಣವೂ ಇತ್ತು. ಫೋಟೋದಲ್ಲಿ ದೆವ್ವ ಮೂಡಿಸುವುದು ಹೇಗೆಂದು ನನಗೆ ಗೊತ್ತಿತ್ತು, ಸ್ವತಃ ಮೂಡಿಸಿದ್ದೆ. ಒಂದೇ ಗಾಜಿನ ಪ್ಲೇಟಿನ ಮೇಲೆ ಎರಡು ಸಲ, ಒಮ್ಮೆ ಹಳೆಯ ಫೋಟೋದಿಂದ, ಒಮ್ಮೆ ಎದುರಿಗೆ ಕುಳಿತವನಿಂದ, ಬೆಳಕು ಬಿಟ್ಟರೆ ಸಾಕು, ಕುರ್ಚಿಯಲ್ಲಿ ಕುಳಿತ ಮಗನ ಬೆನ್ನ ಹಿಂದೆ ತೀರಿಹೋದ ತಂದೆ ಮಬ್ಬಾಗಿ ಬಂದು ನಿಲ್ಲುತ್ತಾನೆ. ಹುಬ್ಬಳ್ಳಿಯ ನನ್ನ ಅಂಗಡಿಗೆ ಬಂದು ಇಂಥದ್ದನ್ನು ಮಾಡಿಸಿಕೊಂಡು ಹೋಗುವವರಿದ್ದರು. ನಾಲ್ಕು ವರ್ಷ ಕಳೆದ ಮೇಲೆ ಅದೇ ಜನ, ಅಪ್ಪ ತಾನಾಗಿಯೇ ಫೋಟೋದಲ್ಲಿ ಬಂದ ಎಂದು ನೆಂಟರಿಗೆ ಹೇಳುತ್ತಿದ್ದರು. ಕೇಳಿ ನಾನು ಒಳಗೊಳಗೇ ನಗುತ್ತಿದ್ದೆ. ಮುಂದಿನದನ್ನು ಓದುವವರು ಇದನ್ನು ನೆನಪಿನಲ್ಲಿಡಬೇಕು. ಈ ಕಸುಬಿನ ಕಣ್ಕಟ್ಟು ತಿಳಿಯದವನು ಹೇಳುತ್ತಿರುವ ಮಾತಲ್ಲ ಇದು.

ಆಗ ಎರಡನೆಯ ಮಹಾಯುದ್ಧ ಶುರುವಾಗಿ ಒಂದು ವರ್ಷವಾಗಿತ್ತು. ಅದಕ್ಕೂ ಸ್ವಲ್ಪ ಮುಂಚೆ ನನ್ನ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು, ಕೂಸೂ ಉಳಿಯಲಿಲ್ಲ. ಆ ದಿನಗಳ ನನ್ನ ಸ್ಥಿತಿಯನ್ನು ದುಃಖ ಎನ್ನುವುದಕ್ಕಿಂತ ದಣಿವು ಎನ್ನುವುದೇ ಸರಿ. ಬೆಳಿಗ್ಗೆ ಎದ್ದಾಗಲೇ ಒಂದು ದಿನದ ದುಡಿಮೆ ಮುಗಿಸಿದ ಹಾಗೆ ಮೈ ಭಾರವಾಗಿರುತ್ತಿತ್ತು. ಮದುವೆಯ ಜೋಡಿಗಳು ಬಂದು ಕ್ಯಾಮರಾದ ಮುಂದೆ ಕುಳಿತರೆ ಸ್ವಲ್ಪ ನಗಿರಿ ಎನ್ನಲೂ ನನಗೆ ಬೇಸರ. ಗಂಭೀರವಾಗಿ ಕುಳಿತವರನ್ನು ಗಂಭೀರವಾಗಿಯೇ ತೆಗೆದು ಕಳಿಸುತ್ತಿದ್ದೆ.

ಅಂಥ ಹೊತ್ತಿನಲ್ಲಿ ಧಾರವಾಡದ ನಿವೃತ್ತ ಡ್ರಾಯಿಂಗ್ ಮಾಸ್ತರರೊಬ್ಬರು ನನ್ನನ್ನು ಕರೆಸಿಕೊಂಡರು. ಹುಬ್ಬಳ್ಳಿಯ ಹಳೆಯ ಕಟ್ಟಿಗೆಯ ಮನೆಗಳು ಒಂದೊಂದಾಗಿ ಬೀಳುತ್ತಿವೆ, ಕೆತ್ತನೆಯ ಕಂಬಗಳು ಒಲೆಗೆ ಹೋಗುತ್ತಿವೆ, ಅವುಗಳ ಚಿತ್ರವಾದರೂ ಉಳಿಯಲಿ ಎಂಬುದು ಅವರ ಆಸೆ. ಪುಸ್ತಕ ಮಾಡುವ ಯೋಚನೆ ಅವರಿಗಿತ್ತು. ಆ ಪುಸ್ತಕ ಕೊನೆಗೂ ಆಗಲಿಲ್ಲ. ಮನುಷ್ಯರ ಮುಖ ಬೇಡವೇ ಬೇಡ, ಕಂಬ, ಜಂತಿ, ಬಾಗಿಲು, ಮೂಲೆ ಇಷ್ಟೇ ಸಾಕು ಎಂದರು. ಆ ಒಂದು ಮಾತಿಗಾಗಿಯೇ ನಾನು ಒಪ್ಪಿಕೊಂಡೆ.

ಮಳೆಗಾಲ ಮುಗಿದ ಮೇಲೆ ಸುಮಾರು ಎರಡು ತಿಂಗಳು ಕ್ಯಾಮರಾದ ಪೆಟ್ಟಿಗೆಯನ್ನೂ ಮೂರು ಕಾಲಿನ ಸ್ಟ್ಯಾಂಡನ್ನೂ ಹೊತ್ತು ಓಣಿ ಓಣಿ ತಿರುಗಿದೆ. ಹುಟ್ಟಿ ಬೆಳೆದ ಊರು, ಆದರೂ ನನಗೆ ಗೊತ್ತಿಲ್ಲದ ಸಂದಿಗಳು ಎಷ್ಟೋ ಇದ್ದವು. ಅರಳೆಯ ಮೂಟೆ ಒಟ್ಟಿದ ಅಂಗಡಿಯ ಹಿಂದೆ ನಾಲ್ಕು ಮೆಟ್ಟಿಲು ಇಳಿದರೆ ಒಂದು ಬಾವಿ, ಅದರ ಸುತ್ತ ಸಾಗವಾನಿಯ ಕಟಾಂಜನ. ದನ ಕಟ್ಟುವ ಜಾಗದಲ್ಲಿ, ಸಗಣಿಯ ಮೇಲೆ, ಹಂಸಗಳನ್ನು ಕೆತ್ತಿದ ತೊಲೆ. ಇವನ್ನೆಲ್ಲ ನೋಡಿ ಸಂತೋಷವಾಗಬೇಕಿತ್ತು. ನನಗೆ ಮಾತ್ರ ಹೆಗಲು ನೋಯುತ್ತಿತ್ತು.

ದುರ್ಗದಬೈಲಿನ ಹಿಂದಿನ ಒಂದು ಓಣಿಯಲ್ಲಿ ಕಾಳುಕಡಿ ವ್ಯಾಪಾರಸ್ಥರ ದೊಡ್ಡ ಮನೆ ಇತ್ತು. ಹೊರಗಿನಿಂದ ನೋಡಿದರೆ ಒಂದೇ ಮನೆ, ಆದರೆ ತಲೆಬಾಗಿಲು ಎರಡು. ಅಣ್ಣತಮ್ಮಂದಿರು ಬೇರೆಯಾದಾಗ ನಡುವೆ ಗೋಡೆ ಬಂದಿದೆ ಎಂದು ನೋಡಿದವರಿಗೆ ತಿಳಿಯುತ್ತಿತ್ತು. ಅಂಥ ಮನೆಗಳು ಆ ಓಣಿಯಲ್ಲಿ ಬೇಕಾದಷ್ಟಿದ್ದವು. ನಾನು ಹೋದದ್ದು ಅಣ್ಣನ ಪಾಲಿನ ಮನೆಗೆ. ಆತ ತೀರಿಕೊಂಡು ಬಹಳ ವರ್ಷವಾಗಿತ್ತು. ಆತನ ಹೆಂಡತಿ ಗೌರವ್ವ, ಅರವತ್ತರ ಹತ್ತಿರದ ಗಟ್ಟಿ ಹೆಂಗಸು, ಮಗ ಸೊಸೆಯರೊಂದಿಗೆ ಅಲ್ಲಿದ್ದಳು. ಹಣೆಯ ತುಂಬ ವಿಭೂತಿ, ಮಾತು ಕಡಿಮೆ. ಬಂದ ಕೆಲಸ ತಿಳಿಸಿದಾಗ, ತಕ್ಕೋರಿ, ಕಂಬೇನು ಸವಿಯೂದಿಲ್ಲ ಎಂದಳು.

ಅಂದು ಮಂಗಳವಾರ, ಊಟದ ಹೊತ್ತು ಕಳೆದಿತ್ತು. ಪಡಸಾಲೆಯಲ್ಲಿ ಎರಡು ಸಾಲು ಕಂಬಗಳು. ಮೇಲಿನ ಬೆಳಕಿಂಡಿಯಿಂದ ಇಳಿಯುತ್ತಿದ್ದ ಬಿಸಿಲು ಒಳಗಿನ ಗೋಡೆಯ ಮೇಲೆ ಬಿದ್ದಿತ್ತು. ಅದು ಸುಣ್ಣ ಬಳಿದ ಬರೀ ಗೋಡೆ. ಒಂದು ಗೂಡಿಲ್ಲ, ಒಂದು ಮೊಳೆಯೂ ಇಲ್ಲ. ನನ್ನ ಕ್ಯಾನ್ವಾಸಿನ ಚೀಲವನ್ನು ಅದೇ ಗೋಡೆಗೆ ಒರಗಿಸಿಟ್ಟು, ಕ್ಯಾಮರಾ ನಿಲ್ಲಿಸಿ, ಕರಿಯ ಬಟ್ಟೆಯೊಳಗೆ ತಲೆಹಾಕಿ ಕಂಬಗಳನ್ನು ಹೊಂದಿಸಿಕೊಂಡೆ. ಒಳಗೆ ಬೆಳಕು ಸಾಲದಾದಾಗ ಮಸೂರದ ಮುಚ್ಚಳ ತೆಗೆದು ಬಹಳ ಹೊತ್ತು ಎಣಿಸಬೇಕಾಗುತ್ತದೆ. ಗೌರವ್ವ ನನ್ನ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಅರವತ್ತರವರೆಗೆ ಎಣಿಸಿ ಮುಚ್ಚಿದೆ. ನಂಬಿಕೆ ಸಾಲದೆ ಇನ್ನೊಂದು ಪ್ಲೇಟು ಹಾಕಿ ತೊಂಬತ್ತರವರೆಗೆ ಎಣಿಸಿದೆ. ಅಷ್ಟು ಹೊತ್ತೂ ನಮ್ಮಿಬ್ಬರ ಕಣ್ಣು ಆ ಗೋಡೆಯ ಕಡೆಗೇ ಇತ್ತು. ಒಂದು ಹಲ್ಲಿ ಕೂಡ ಅತ್ತಿತ್ತ ಆಡಲಿಲ್ಲ. ಸೊಸೆ ಮಜ್ಜಿಗೆ ತಂದುಕೊಟ್ಟಳು. ಕುಡಿದು ಬಂದೆ.

ಪ್ಲೇಟುಗಳನ್ನು ತೊಳೆದದ್ದು ಶುಕ್ರವಾರ. ಕತ್ತಲೆ ಕೋಣೆಯ ಕೆಂಪು ದೀಪದಲ್ಲಿ ಮೊದಲನೆಯದನ್ನು ನೋಡಿದಾಗ ಗೋಡೆಯ ಜಾಗದಲ್ಲಿ ಏನೋ ಕಲೆ ಎದ್ದಂತೆ ಕಂಡಿತು. ಔಷಧ ಕೆಟ್ಟಿರಬೇಕು ಎಂದುಕೊಂಡೆ. ಮರುದಿನ ಒಣಗಿದ ಮೇಲೆ ಕಾಗದಕ್ಕೆ ಇಳಿಸಿ ಬೆಳಕಿಗೆ ಹಿಡಿದೆ. ಗೋಡೆಯಲ್ಲಿ ಒಂದು ಬಾಗಿಲಿತ್ತು. ದಪ್ಪ ಚೌಕಟ್ಟು, ಮೇಲಿನ ಪಟ್ಟಿಯಲ್ಲಿ ಎದುರುಬದುರು ಎರಡು ಗಿಳಿಗಳ ಕೆತ್ತನೆ, ಎಡಗಡೆಯ ಗಿಳಿಗೆ ತಲೆ ಇಲ್ಲ. ಎರಡು ಕದಗಳಲ್ಲಿ ಒಂದು ಮುಚ್ಚಿತ್ತು. ಇನ್ನೊಂದು ಪಡಸಾಲೆಯ ಕಡೆಗೆ ಒಂದು ಗೇಣು ತೆರೆದಿತ್ತು. ಸಂದಿಯಲ್ಲಿ ಕತ್ತಲೆ.

ಎರಡನೆಯ ಪ್ಲೇಟಿನಲ್ಲಿ ಬರೀ ಗೋಡೆ.

ಯಾವುದೋ ಹಳೆಯ ಪ್ಲೇಟಿನ ಮೇಲೆ ಎರಡನೇ ಸಲ ಬೆಳಕು ಬಿಟ್ಟಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಹಾಗೆ ಬಿಟ್ಟಾಗ ಒಂದು ಚಿತ್ರದ ಮೂಲಕ ಇನ್ನೊಂದು ಕಾಣುತ್ತದೆ. ಅದು ನಾನೇ ಕೈಯಾರೆ ಮಾಡಿ ಬಲ್ಲ ಕೆಲಸ. ಇಲ್ಲಿ ನನ್ನ ಚೀಲ ಬಾಗಿಲ ಮುಂದೆ ಗಟ್ಟಿಯಾಗಿ ಕುಳಿತಿತ್ತು. ಬೆಳಕಿಂಡಿಯ ಬಿಸಿಲಿಗೆ ಅದರ ನೆರಳು ಕದದ ಮೇಲೆ ಬಿದ್ದಿತ್ತು, ಮತ್ತು ಕದ ಓರೆಯಾಗಿದ್ದಲ್ಲಿ ನೆರಳೂ ಮುರಿದಿತ್ತು. ಭೂತಗನ್ನಡಿ ಹಿಡಿದು ಮಧ್ಯಾಹ್ನವೆಲ್ಲ ನೋಡಿದೆ. ಕಣ್ಣು ದಣಿದು ಮೋಸ ಹೋಗಬಹುದು. ಗಾಜಿಗೆ ದಣಿವಿಲ್ಲ.

ರವಿವಾರ ಮುಂಜಾನೆ ಎರಡೂ ಚಿತ್ರಗಳನ್ನು ತೆಗೆದುಕೊಂಡು ಗೌರವ್ವನ ಮನೆಗೆ ಹೋದೆ. ಅಲ್ಲಿ ಹಿಂದೆ ಬಾಗಿಲೇನಾದರೂ ಇತ್ತೇ ಎಂದು ಕೇಳುವುದಷ್ಟೇ ನನ್ನ ಉದ್ದೇಶ. ಅವಳು ಚಿತ್ರವನ್ನು ಕೈಯಲ್ಲಿ ಹಿಡಿದು ಬೆಳಕಿಂಡಿಯ ಕೆಳಗೆ ಹೋಗಿ ನಿಂತಳು. ಆಮೇಲೆ ಕಂಬ ಹಿಡಿದು ಮೆಲ್ಲಗೆ ಕೆಳಗೆ ಕುಳಿತಳು.

"ಇದನ್ನ ಯಾವಾಗ ತಗದಿ ತಮ್ಮಾ?"

"ಮಂಗಳವಾರರೀ. ನೀವ ಬಾಜೂಕ ನಿಂತಿದ್ರೆಲ್ಲ."

"ಈ ಬಾಗಲಾ ಮುಚ್ಚಿಸಿ ಮೂವತ್ತು ವರ್ಷದ ಮ್ಯಾಲಾತು," ಎಂದಳು. "ಅಗಳಿ ಹಾಕಿದಾಕೀನೂ ನಾನ."

ಆಮೇಲೆ ಅವಳು ಹೇಳಿದ್ದನ್ನು ನನ್ನ ಮಾತಿನಲ್ಲೇ ಹೇಳುತ್ತೇನೆ. ಊರಿಗೆ ಪ್ಲೇಗು ಬಂದ ವರ್ಷ ಜನ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಇವರದು ಆಗ ಒಂದೇ ಸಂಸಾರ. ಆ ಬಾಗಿಲು ಅಣ್ಣತಮ್ಮಂದಿರ ಹೆಂಡಂದಿರಾದ ಇಬ್ಬರು ನೆಗೆಣ್ಣಿಯರು ಓಡಾಡುವ ದಾರಿ. ಗಂಡಸರು ಗುಡಿಸಲು ಹಾಕಲು ಹೋಗಿದ್ದರು. ಬೆಳಗಾದರೆ ಎಲ್ಲರೂ ಹೊರಡುವುದಿತ್ತು. ಆ ದಿನವೇ ತಮ್ಮನ ಹೆಂಡತಿ ಬಸವ್ವನ ನಾಲ್ಕು ವರ್ಷದ ಮಗಳಿಗೆ ಜ್ವರ ಬಂದು ತೊಡೆಯ ಸಂದಿಯಲ್ಲಿ ಗಡ್ಡೆ ಎದ್ದಿತು. ಗೌರವ್ವನ ಮಡಿಲಲ್ಲಿ ಒಂದು ವರ್ಷದ ಮಗ. ಅವಳು ಹೆದರಿ ನಡುವಿನ ಬಾಗಿಲಿಗೆ ಅಗಳಿ ಹಾಕಿದಳು. ಬಸವ್ವ ಆ ಕಡೆಯಿಂದ ಬಾಗಿಲು ಬಡಿದಳು, ಒಬ್ಬಳೇ ಇದ್ದೇನೆ, ಬಾ ಎಂದು ಕರೆದಳು. ಇವಳು ಮಗನ ಕಿವಿ ಮುಚ್ಚಿಕೊಂಡು ಕುಳಿತಳು. ಬೆಳಗಾದ ಕೂಡಲೇ ಮುಂಬಾಗಿಲಿನಿಂದ ಚಕ್ಕಡಿ ಹತ್ತಿ ಹೋದಳು. ಹುಡುಗಿ ಎರಡು ದಿನದಲ್ಲಿ ತೀರಿಕೊಂಡಳು.

ಊರಿಗೆ ಮರಳಿದ ಮೇಲೆ ಗೌರವ್ವನಿಗೆ ಆ ಬಾಗಿಲನ್ನು ನೋಡುವುದಾಗಲಿಲ್ಲ. ತನ್ನ ಕಡೆಯಿಂದ ಇಟ್ಟಿಗೆ ಕಟ್ಟಿಸಿ ಸುಣ್ಣ ಬಳಿಸಿದಳು. ಅಣ್ಣತಮ್ಮಂದಿರು ಬೇರೆಯಾದರು. ಇಬ್ಬರು ಹೆಂಗಸರೂ ಒಂದೇ ಗೋಡೆಗೆ ಬೆನ್ನು ಹಚ್ಚಿ ಬದುಕಿದರೇ ಹೊರತು ಒಂದು ಮಾತಾಡಲಿಲ್ಲ. ಇದನ್ನು ಅವಳು ಮಗನಿಗೂ ಹೇಳಿರಲಿಲ್ಲವಂತೆ. ಗಿಳಿಯ ತಲೆ ಮುರಿದದ್ದು ಆ ಸತ್ತ ಹುಡುಗಿಯೇ, ಆಡುತ್ತ ಗುಂಡುಕಲ್ಲು ಎಸೆದು.

ಹೇಳಿ ಮುಗಿಸಿ ಗೌರವ್ವ ಎದ್ದಳು. ತಲೆಯ ಮೇಲೆ ಸೆರಗು ಹೊದ್ದು, ನನ್ನ ಸಂಗಾಟ ಬಾ ತಮ್ಮಾ ಎಂದಳು. ನನಗೆ ಬೇರೆಯವರ ಮನೆಯ ಈ ಸಂಕಟದೊಳಗೆ ಹೋಗುವ ಮನಸ್ಸಿರಲಿಲ್ಲ, ಶಕ್ತಿಯೂ ಇರಲಿಲ್ಲ. ಆದರೆ ಅವಳು ಆಗಲೇ ಚಿತ್ರ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಅವಳ ಜೊತೆ ಬೀದಿಗೆ ಇಳಿದು ಹತ್ತು ಹೆಜ್ಜೆ ನಡೆದು ಪಕ್ಕದ ತಲೆಬಾಗಿಲಿಗೆ ಹೋದೆ. ಮೂವತ್ತು ವರ್ಷದಲ್ಲಿ ಅವಳು ನಡೆಯದ ಹತ್ತು ಹೆಜ್ಜೆ ಅದು.

ಬಸವ್ವನನ್ನು ನೋಡಿಕೊಳ್ಳುತ್ತಿದ್ದ ಅವಳ ತಂಗಿಯ ಮಗಳು ಬಾಗಿಲು ತೆಗೆದು ಬೆರಗಾಗಿ ನಿಂತಳು. ಬಸವ್ವ ಒಳಗಿನ ಕೋಣೆಯಲ್ಲಿದ್ದಳು. ಸಣ್ಣ ಮೈ, ಎರಡೂ ಕಣ್ಣಿಗೆ ಪೊರೆ ಬಂದು ಏನೂ ಕಾಣುತ್ತಿರಲಿಲ್ಲ. ಅವಳ ಹಿಂದೆ, ಗೋಡೆಯಲ್ಲಿ, ಅದೇ ಬಾಗಿಲಿನ ಬೆನ್ನು. ಈ ಕಡೆ ಯಾರೂ ಅದನ್ನು ಮುಚ್ಚಿಸಿರಲಿಲ್ಲ. ಎರಡೂ ಕದಗಳು ಕೂಡಿ ಮುಚ್ಚಿಕೊಂಡಿದ್ದವು. ಸಂದಿಯ ಉದ್ದಕ್ಕೂ ಜೇಡರ ಬಲೆ ಧೂಳು ತುಂಬಿ ಹಾಗೇ ಇತ್ತು. ಅದನ್ನು ನಾನು ಹತ್ತಿರ ಹೋಗಿ ನೋಡಿದೆ.

ಚಿತ್ರ ಗೌರವ್ವನ ಕೈಯಲ್ಲೇ ಇತ್ತು. ಕಣ್ಣಿಲ್ಲದವಳಿಗೆ ತೋರಿಸುವುದು ಹೇಗೆ? ಬಸವ್ವ ಹೆಜ್ಜೆಯ ಸಪ್ಪಳಕ್ಕೆ ಮುಖ ಎತ್ತಿದಳು. ಯಾರು ಎಂದು ಕೇಳಲಿಲ್ಲ.

"ಅಕ್ಕಾ," ಎಂದಳು. "ಮಂಗಳವಾರ ಮಧ್ಯಾಹ್ನ ಅಗಳಿ ತಗದಿ. ನಾ ಸಪ್ಪಳಾ ಕೇಳಿದೆ. ನೀ ಬರ್ತಿ ಅಂತ ಸಂಜೀತನಾ ಇಲ್ಲೇ ಕುಂತಿದ್ದೆ. ಯಾಕ ಬರ್ಲಿಲ್ಲ?"

ನಾನು ಅಲ್ಲೇ ಇದ್ದೆ. ಈ ಮಾತನ್ನು ನನ್ನ ಕಿವಿಯಿಂದ ಕೇಳಿದೆ. ಫೋಟೋದ ಸುದ್ದಿಯನ್ನು ಅವಳಿಗೆ ಹೇಳುವವರು ಯಾರೂ ಇರಲಿಲ್ಲ. ಅದು ಗೊತ್ತಿದ್ದವರು ನಾವಿಬ್ಬರೇ. ಮಂಗಳವಾರದ ಮಾತನ್ನು ಓಣಿಯಲ್ಲಿ ಯಾರಾದರೂ ಆಡಿದ್ದರೂ ಫೋಟೋ ತೆಗೆಯುವವನು ಬಂದಿದ್ದ ಎಂದಷ್ಟೇ ಆಡಿರಬೇಕು.

ಗೌರವ್ವ ಅವಳ ಕಾಲ ಹತ್ತಿರ ಕುಳಿತಳು. ಸುಳ್ಳು ಹೇಳಿಬಿಡುವುದು ಸುಲಭವಿತ್ತು. ಹೌದು, ನಾನೇ ತೆಗೆದೆ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಹಾಗೆ ಹೇಳಲಿಲ್ಲ.

"ನಾ ತಗೀಲಿಲ್ಲ ಬಸವ್ವಾ. ಅವತ್ತೂ ತಗೀಲಿಲ್ಲ, ಮೊನ್ನೇನೂ ತಗೀಲಿಲ್ಲ."

ಬಸವ್ವ ಕ್ಷಮಿಸಿದೆ ಎಂದೂ ಹೇಳಲಿಲ್ಲ, ಕ್ಷಮಿಸುವುದಿಲ್ಲ ಎಂದೂ ಹೇಳಲಿಲ್ಲ. ಕೈಚಾಚಿ ತಡವರಿಸಿ ಗೌರವ್ವನ ತಲೆ ಸಿಕ್ಕಾಗ ಅದರ ಮೇಲೆ ಕೈ ಇಟ್ಟು, ನಿನ್ನ ಕೂದಲೂ ಬೆಳ್ಳಗಾಗಿರಬೇಕಲ್ಲ ಎಂದು ಕೇಳಿದಳು. ಆಗ ಗೌರವ್ವ ಅತ್ತಳು. ನಾನು ಸದ್ದಾಗದಂತೆ ಹೊರಗೆ ಬಂದೆ.

ಮುಂದಿನ ತಿಂಗಳು ಗೌರವ್ವ ಗೌಂಡಿಯನ್ನು ಕರೆಸಿ ಇಟ್ಟಿಗೆ ಕೀಳಿಸಿದಳು. ನನಗೂ ಹೇಳಿ ಕಳಿಸಿದ್ದಳು, ಹೋಗಿದ್ದೆ. ಸುಣ್ಣ ಉದುರಿ ಇಟ್ಟಿಗೆ ಕಳಚಿದಂತೆ ಚೌಕಟ್ಟು ಕಂಡಿತು, ಮೇಲೆ ಎರಡು ಗಿಳಿ, ಎಡಗಡೆಯದಕ್ಕೆ ತಲೆ ಇಲ್ಲ. ಅಗಳಿ ಹಾಕಿದಂತೆಯೇ ಇತ್ತು. ಕಟ್ಟಿಗೆ ಉಬ್ಬಿ ಗೋಡೆಯ ತೂತಿನಲ್ಲಿ ಎಷ್ಟು ಕಚ್ಚಿಕೊಂಡಿತ್ತೆಂದರೆ ಇಬ್ಬರು ಗಂಡಸರು ಎಳೆದರೂ ಸರಿಯಲಿಲ್ಲ. ಕೊನೆಗೆ ಬಡಿಗನನ್ನು ಕರೆಸಿ ಗರಗಸದಿಂದ ಕೊಯ್ಯಬೇಕಾಯಿತು. ಹೊರಗಿನಿಂದ ಯಾರೋ ಬಂದು ಆಟ ಹೂಡಿರಬಹುದೆಂದು ಅಲ್ಲಿಯವರೆಗೆ ನನಗಿದ್ದ ಸಣ್ಣ ಅನುಮಾನ ಆ ಗರಗಸದ ಪುಡಿಯ ಜೊತೆ ಹೋಯಿತು. ಅದಾದ ಮೇಲೆ ಬಸವ್ವ ಎರಡು ವರ್ಷ ಬದುಕಿದ್ದಳು. ಇಬ್ಬರೂ ಆ ಬಾಗಿಲಿನಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದುದನ್ನು ನಾನೇ ಒಂದೆರಡು ಸಲ ನೋಡಿದ್ದೇನೆ. ಆರಿಸುವವಳು ಗೌರವ್ವ, ಮೊರ ಹಿಡಿಯುವವಳು ಬಸವ್ವ.

ಧಾರವಾಡದ ಮಾಸ್ತರರಿಗೆ ನಾನು ಎರಡನೆಯ ಪ್ಲೇಟಿನ ಚಿತ್ರವನ್ನು ಮಾತ್ರ ಕೊಟ್ಟೆ. ಮೊದಲನೆಯದನ್ನು ಕಸುಬಿನವರಿಬ್ಬರಿಗೆ ತೋರಿಸಿದ್ದೆ. ಒಬ್ಬರು ಇದು ಕೈಚಳಕ, ಹೇಗೆ ಮಾಡಿದಿ ಹೇಳು ಎಂದು ಗಂಟುಬಿದ್ದರು. ಇನ್ನೊಬ್ಬರು ಹೊರಳಿಸಿ ಹೊರಳಿಸಿ ನೋಡಿ, ಇದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡ ಎಂದರು. ನಾನು ಇಟ್ಟುಕೊಂಡಿದ್ದೇನೆ. ದೆವ್ವದ ಕಾಟವೇನೂ ಆಗಿಲ್ಲ. ಆಮೇಲೂ ಎಷ್ಟೋ ಮನೆಗಳ ಒಳಗೋಡೆಗಳನ್ನು ತೆಗೆದಿದ್ದೇನೆ. ಗೋಡೆ ಗೋಡೆಯಾಗಿಯೇ ಬಂದಿದೆ. ಸತ್ತ ನನ್ನ ಹೆಂಡತಿಯೂ ಎಲ್ಲಿಯೂ ಮೂಡಲಿಲ್ಲ. ಒಂದೆರಡು ಸಲ ಅದಕ್ಕಾಗಿ ಕಾದಿದ್ದೆ ಎಂದು ಒಪ್ಪಿಕೊಳ್ಳುವುದಕ್ಕೆ ಈಗ ನಾಚಿಕೆಯಿಲ್ಲ.

ಕಣ್ಣಿಲ್ಲದ ಮುದುಕಿಗೆ ಅಗಳಿಯ ಸಪ್ಪಳ ಕೇಳಿಸಿತು. ಜೀವವಿಲ್ಲದ ಗಾಜಿಗೆ ಬಾಗಿಲು ತೆರೆದದ್ದು ಕಂಡಿತು. ಅದೇ ಪಡಸಾಲೆಯಲ್ಲಿ, ಹಾಡುಹಗಲಿನಲ್ಲಿ, ಆ ಗೋಡೆಯನ್ನೇ ನೋಡುತ್ತ ನಾನೂ ಗೌರವ್ವನೂ ನಿಂತಿದ್ದೆವು. ನಮಗೆ ಏನೂ ಕಾಣಲಿಲ್ಲ, ಏನೂ ಕೇಳಲಿಲ್ಲ.