ನಾಲ್ಕನೇ ಕೊಳವೆ

ಐದು ವರ್ಷದ ಹಿಂದೆ, ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದಾಗ, ನಾನು ಭೂವಿಜ್ಞಾನದ ಪ್ರಾಧ್ಯಾಪಕನಾಗಿದ್ದೆ. ಅದುವರೆಗಿನ ನನ್ನ ಕೆಲಸವೆಲ್ಲ ಹಿಮಾಲಯದಲ್ಲಿ: ಹಿಮನದಿಗಳ ನೀರು ನಿಂತು ಆದ ಪುರಾತನ ಸರೋವರಗಳ ಹೂಳಿನ ವಯಸ್ಸು ಕಂಡುಹಿಡಿಯುವುದು. ಅಲ್ಲಿ ಹಿಮ ಬೆಳೆದಿದ್ದ ಕಾಲದಲ್ಲಿ ನಮ್ಮ ಕಡೆ ಮಳೆ ಹೇಗಿತ್ತು ಎಂಬ ಪ್ರಶ್ನೆ ನನ್ನನ್ನು ಪಾವಗಡಕ್ಕೆ ತಂದಿತು. ತಿರುಮಣಿಯ ಆಚೆ, ನರಸಮ್ಮ ಎಂಬ ರೈತ ಮಹಿಳೆಯ ಹೊಲದಂಚಿನಲ್ಲಿ ಹಳ್ಳ ಕೊರೆದ ದಡವಿತ್ತು. ಅದರಲ್ಲಿ ಎಂದೋ ಮುಚ್ಚಿಹೋದ ಸರೋವರದ ಹೂಳು ಪದರ ಪದರವಾಗಿ ಕಾಣುತ್ತಿತ್ತು. ಶಿರಾದ ಶಾಹಿದಾ ಎಂಬ ನನ್ನ ವಿದ್ಯಾರ್ಥಿನಿಯ ಪಿಎಚ್.ಡಿ. ಅದರ ಮೇಲೆಯೇ ನಿಂತಿತ್ತು.

ನಮ್ಮ ವಿಧಾನಕ್ಕೆ ಲ್ಯುಮಿನೆಸೆನ್ಸ್ ಡೇಟಿಂಗ್ ಎನ್ನುತ್ತಾರೆ. ಹೂತುಹೋದ ಮರಳಿನ ಕಣ ಕತ್ತಲೆಯಲ್ಲಿ ನಿಧಾನವಾಗಿ ಶಕ್ತಿ ಕೂಡಿಡುತ್ತದೆ. ಎಷ್ಟು ಕೂಡಿದೆ ಎಂಬುದರಿಂದ ವಯಸ್ಸು ತಿಳಿಯುತ್ತದೆ; ಬಿಸಿಲು ತಾಗಿದರೆ ಅದು ಅಳಿಸಿಹೋಗಿ, ಕಣ ಎಳೆಯದಾಗಿ ಕಾಣುತ್ತದೆ. ಆದ್ದರಿಂದ ಕಬ್ಬಿಣದ ಕೊಳವೆಯನ್ನು ದಡಕ್ಕೆ ಬಡಿದು, ಕಪ್ಪು ಟಾರ್ಪಾಲಿನ ಮರೆಯಲ್ಲಿ ಹೊರತೆಗೆದು, ಬಾಯಿ ಮುಚ್ಚುತ್ತೇವೆ. ಅಂದು ಮೇಲಿನಿಂದ ಕೆಳಕ್ಕೆ ಐದು ಕೊಳವೆ ತೆಗೆದೆವು.

ಹೊರಡುವಾಗ ನರಸಮ್ಮ ಅಡ್ಡ ನಿಂತರು. "ಏಮಪ್ಪಾ, ನಮ್ಮ ಹೊಲದ ಮಣ್ಣು ಪೂರ್ತಿ ಎತ್ಕೊಂಡೋಯ್ತೀಯ? ಒಂದ್ ಚಿಟಿಕೆ ನನ್ ಕೈಗೆ ವಾಪಸ್ ಕೊಟ್ಟು ಹೋಗು. ಇಲ್ದಿದ್ರೆ ಹೊಲ ಮುನಿಸ್ಕಂತದೆ."

"ಅದನ್ನ ಬಿಚ್ಚಬಾರದಮ್ಮ, ಬಿಸಿಲು ಬೀಳ್ತದೆ."

"ಇಷ್ಟು ದಿನ ಬಿಸಿಲಲ್ಲೇ ಅಲ್ವಾ ಇದ್ದಿದ್ದು? ಈಗೇನು ಕರ್ರಗಾಗ್ತದಾ?"

ಶಾಹಿದಾ ನಕ್ಕಳು. ನಾನೂ ನಕ್ಕು ಒಂದು ಮುಚ್ಚಳ ತೆಗೆದೆ. ಒಂದು ಚಿಟಿಕೆಯ ಬದಲು ಬೊಗಸೆ ಮರಳು ಸುರಿಯಿತು. ಆಕೆ ಚಿಟಿಕೆ ಉಳಿಸಿಕೊಂಡರು. ಮಿಕ್ಕಿದ್ದನ್ನು ಗಾಬರಿಯಲ್ಲಿ ಮತ್ತೆ ಕೊಳವೆಗೇ ಸುರಿದೆ. ಯಾವ ಕೊಳವೆ ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆಯಲಿಲ್ಲ. ನಾಚಿಕೆಯಾಗಿತ್ತು.

ಎಂಟು ತಿಂಗಳ ನಂತರ ಫಲಿತಾಂಶ ಬಂತು. ಹಿಮಯುಗದ್ದೆಂದು ನಾನು ನಂಬಿದ್ದ ನಾಲ್ಕನೆಯದು ತೀರಾ ಚಿಕ್ಕ ವಯಸ್ಸು ಹೇಳಿತು. ಅದರ ಕೆಳಗಿನ ಐದನೆಯದು ಹಿಮಯುಗಕ್ಕೂ ಬಹಳ ಹಿಂದಿನದು; ಮೇಲಿನವು ಹೇಗೂ ಎಳೆಯವಾದ್ದರಿಂದ ಬಿಸಿಲು ತಾಗಿದ್ದು ಅವುಗಳಲ್ಲಿ ತಿಳಿಯುವಂತಿರಲಿಲ್ಲ. ನಾಲ್ಕನೆಯದು ನಿಜವಾದರೆ ಹಿಮಯುಗದ ಹೂಳೇ ಅಲ್ಲಿಲ್ಲ, ಅಂದರೆ ಸರೋವರ ಒಣಗಿತ್ತು. ಆಗಲೂ ನೀರಿತ್ತು ಎಂಬುದು ನನ್ನ ಹಳೆಯ ವಾದ.

"ಬಿಚ್ಚಿದ್ದು ನಾಲ್ಕನೇದನ್ನೇ. ಅದನ್ನ ಕೈಬಿಡು," ಎಂದು ಶಾಹಿದಾಗೆ ಹೇಳಿದೆ.

"ಎರಡನೇದು ಸರ್. ನಂಗೆ ಚೆನ್ನಾಗಿ ಗೊತ್ತು."

"ನನ್ನ ಕಣ್ಣ ಮುಂದೆ ಇದೆಯಮ್ಮಾ."

ಸುಳ್ಳಲ್ಲ. ಬಿಸಿಲಿನಲ್ಲಿ ಹೊಳೆಯುವ ಕೊಳವೆ, ಅದರ ಮೇಲೆ ಕೆಂಪು ಮಾರ್ಕರಿನ ನಾಲ್ಕು: ಈಗಲೂ ಕಾಣುತ್ತದೆ. ಅವಳು ನಾಲ್ಕನೆಯದನ್ನು ಕೈಬಿಟ್ಟಳು. ಸರೋವರ ಒಣಗಿತ್ತೆಂದು ಬರೆದಿದ್ದ ಅಧ್ಯಾಯವನ್ನು ತೆಗೆದುಹಾಕಿದಳು.

ಪ್ರಬಂಧ ಸಲ್ಲಿಸಲು ಒಂದು ತಿಂಗಳಿದ್ದಾಗ, ಹೊಸ ಮಾದರಿ ತೆಗೆಯೋಣವೆಂದು ಒಬ್ಬನೇ ತಿರುಮಣಿಗೆ ಹೋದೆ. ದಡವಿರಲಿಲ್ಲ, ಆ ಜಾಗವನ್ನು ಸಮತಟ್ಟು ಮಾಡಿ ಸೋಲಾರ್ ಫಲಕ ನಿಲ್ಲಿಸಿದ್ದರು. ನರಸಮ್ಮ ಮನೆಯಲ್ಲಿದ್ದರು. ಯಾವ ಕೊಳವೆ ಎಂದು ಕೇಳಿದೆ.

"ನಂಬರ್ ನಂಗೆಂಗೆ ಗೊತ್ತು? ಕೆಳಗಿನ್ವುದ್ರಲ್ಲಿ ಒಂದು ತೋರ್ಸಿ ಕೇಳ್ದೆ. 'ನಾಲ್ಕನೇದು ಮುಟ್ಬೇಡಮ್ಮ, ಅದೇ ಮುಖ್ಯ' ಅಂತ ನೀನೇ ಗದರಿಸ್ದೆ ಕಣಪ್ಪ. ಮರ್ತ್‌ಬುಟ್ಯಾ?"

ಗದರಿಸಿದ ನೆನಪಿಲ್ಲ. ಆದರೆ ಆ ಮಾತು ನನ್ನದೇ. ಇನ್ಯಾರೂ ಹಾಗೆ ಹೇಳುವವರಿರಲಿಲ್ಲ. ಹಾಗಾದರೆ ನನ್ನ ಕಣ್ಣ ಮುಂದಿರುವ ಬಿಸಿಲು ಯಾವ ದಿನದ್ದು? ಫಲಿತಾಂಶ ಇಷ್ಟವಾಗದ ದಿನ ಹುಟ್ಟಿದ್ದೇ?

ಅಲ್ಲಿಂದಲೇ ಶಾಹಿದಾಗೆ ಫೋನ್ ಮಾಡಿ ನರಸಮ್ಮ ಹೇಳಿದ್ದನ್ನು ತಿಳಿಸಿದೆ. "ನಾಲ್ಕನೇದನ್ನ ವಾಪಸ್ ಸೇರಿಸು."

"ನರಸಮ್ಮ ಹೇಳಿದ್ರು ಅಂತಾನಾ ಸರ್?" ಎಂದಳು. "ಆವತ್ತು ನಾನೂ ಹೇಳಿದ್ದೆ."

ಅವಳು ಮೂರು ತಿಂಗಳು ತಡವಾಗಿ ಪ್ರಬಂಧ ಸಲ್ಲಿಸಿದಳು. ಸರೋವರ ಒಣಗಿತ್ತು, ಇಲ್ಲವೇ ನಾಲ್ಕನೆಯದಕ್ಕೆ ಬಿಸಿಲು ತಾಗಿತ್ತು ಎಂಬ ಎರಡು ಸಾಧ್ಯತೆಗಳನ್ನೂ ಬರೆದಿದ್ದಳು, ಯಾವುದನ್ನೂ ಸಾಧಿಸಲಾಗಲಿಲ್ಲ. ಅಡಿಟಿಪ್ಪಣಿಯಲ್ಲಿ ಒಂದು ಸಾಲು: "ತೆರೆದ ಕೊಳವೆಯ ಸಂಖ್ಯೆಯನ್ನು ಸ್ಥಳದಲ್ಲಿ ದಾಖಲಿಸಿಲ್ಲ." ಯಾರು ದಾಖಲಿಸಲಿಲ್ಲ ಎಂದು ಬರೆದಿರಲಿಲ್ಲ. ಸಹಿ ಹಾಕುವ ಮುನ್ನ ಆ ಸಾಲಿಗೆ "ಮಾರ್ಗದರ್ಶಕರು" ಎಂಬ ಪದವನ್ನು ನಾನೇ ಸೇರಿಸಿದೆ. ಸ್ಪಷ್ಟವಾಗಿ ಕಾಣುವುದೆಲ್ಲ ನಡೆದದ್ದಲ್ಲ ಎಂಬುದನ್ನು ಈ ವೃತ್ತಿ ನನಗೆ ಕಲಿಸಿತು, ಅದಕ್ಕೆ ಬೆಲೆ ತೆತ್ತವಳು ಮಾತ್ರ ಶಾಹಿದಾ.