ಜಟ್ಟಪ್ಪನವರ ಹೆಸರು ಓದಿದ ಸಂಜೆ

ಮಂಜು, ಅಂದು ನಾನು ಕಾಲೇಜಿನ ರೇಡಿಯೋದಲ್ಲಿ ಓದಿದ್ದು ಅಭಿನಂದನೆಯಾಗಿರಲಿಲ್ಲ. ನಿನ್ನನ್ನು ಗೌರಕ್ಕನ ಮನೆಯಿಂದ ಹೊರಗೆ ಹಾಕಿಸಬೇಕೆಂದೇ ಓದಿದೆ. ಬೇಕಂತಲೇ. ಇಷ್ಟು ವರ್ಷ ಬಾಯಿ ಬಿಡಲಿಲ್ಲ — ಹೇಡಿ ನಾನು.

ಅರವತ್ತರ ದಶಕದ ಆ ಕುಮಟೆ, ನಾವು ಹುಡುಗರೇ ನಡೆಸುತ್ತಿದ್ದ ಆ ರೇಡಿಯೋ... ರೇಡಿಯೋ ಎಂದು ಹೆಸರಷ್ಟೇ! ಒಂದು ಆಂಪ್ಲಿಫಾಯರು, ಒಂದು ಮೈಕು. ತಂತಿ ಎಳೆದು ಹಾಸ್ಟೆಲಿಗೊಂದು, ಕ್ಯಾಂಟೀನಿಗೊಂದು, ಹಿಂದಿನ ಕೇರಿಯ ಕಡೆಗೊಂದು ಲೌಡ್‌ಸ್ಪೀಕರು. ಸಂಜೆ ಸುದ್ದಿ ಓದುತ್ತಿದ್ದವನು ನೀನು. ಆ ಕೇರಿಯಲ್ಲೇ ಗೌರಕ್ಕನ ಮನೆ. ಒಂಟಿ ವಿಧವೆ, ನೀನು ಸುಳ್ಳಿಗೆ ಹಾಕಿಕೊಂಡಿದ್ದ ಜನಿವಾರ ನೋಡಿ, ತಂದೆ ತಾಯಿ ಇಲ್ಲದ ಬ್ರಾಹ್ಮಣ ಹುಡುಗ ಎಂದು ನಂಬಿ ಮಲಗಲು ಜಗಲಿ ಕೊಟ್ಟಿದ್ದಳು, ಎರಡು ಹೊತ್ತು ಊಟ ಹಾಕುತ್ತಿದ್ದಳು. ನಿನ್ನ ದನಿ ಕೇಳಲೆಂದೇ ಅಂಗಳಕ್ಕೆ ಬಂದು ನಿಲ್ಲುತ್ತಿದ್ದಳು.

ನಿನ್ನ ಅಪ್ಪ ಬದುಕಿದ್ದಾನೆ, ಮಂಕಿಯಲ್ಲಿ ಮೀನಿನ ಬಲೆ ಎಳೆಯುತ್ತಾನೆ ಎಂದು ಗೊತ್ತಿದ್ದವನು ನಾನೊಬ್ಬನೇ. ನೀನೇ ಹೇಳಿದ್ದೆ. "ಸುಳ್ಳು ಹೇಳಿ ಉಂಬೂದು ಗಂಟಲಲ್ಲಿ ಇಳಿಯೂದಿಲ್ಲ ಮಾರಾಯ. ಆದ್ರೆ ಎಂತ ಮಾಡೂದು, ಓದ್ಬೇಕಲ."

ಆ ವರ್ಷದ ಗ್ಯಾದರಿಂಗಿಗೆ — ಊರಿನ ದೊಡ್ಡವರೆಲ್ಲ ಬರುವ ವಾರ್ಷಿಕ ಸಮಾರಂಭಕ್ಕೆ — ಮೈಕಿನ ಮುಂದೆ ನಿಲ್ಲಲು ನಿನ್ನನ್ನು ಆರಿಸಿದರು. ಹೊನ್ನಾವರದ ಅಂಗಡಿಕಾರರ ಮಗನಾದ ನನ್ನನ್ನಲ್ಲ. ಹೊಟ್ಟೆ ಉರಿಯಿತು. ಉರಿದು — ಏನು ಹೇಳಲಿ.

ಮರುದಿನ ಸಂಜೆ, ಸುದ್ದಿ ನಾನು ಓದುತ್ತೇನೆಂದು ಕೂತೆ. ಕೊನೆಗೆ ನಗುನಗುತ್ತ ಹೇಳಿದೆ: "ಗ್ಯಾದರಿಂಗಿಗೆ ಆಯ್ಕೆಯಾದ ಗೆಳೆಯ ಮಂಜುನಾಥನಿಗೆ ಅಭಿನಂದನೆ. ಮಂಕಿಯ ಕಡಲಿನಲ್ಲಿ ಬಲೆ ಎಳೆದು ಮಗನನ್ನು ಓದಿಸುತ್ತಿರುವ ತಂದೆ ಜಟ್ಟಪ್ಪನವರಿಗೂ ಅಭಿನಂದನೆ." ಹಾಸ್ಟೆಲಿನಲ್ಲಿ ಚಪ್ಪಾಳೆ ಬಿತ್ತು. ನನ್ನ ಕಣ್ಣು ಕಿಟಕಿಯಾಚೆ, ಗೌರಕ್ಕನ ಅಂಗಳದ ಮೇಲಿತ್ತು. ಅವಳು ಒಳಗೆ ಹೋದಳು.

ನೀನು ಹೋಗುವ ಹೊತ್ತಿಗೆ ನಿನ್ನ ಟ್ರಂಕು ಬೀದಿಯಲ್ಲಿತ್ತು. ಜಗಲಿಗೆ ಸಗಣಿ ಬಳಿಯುತ್ತಿದ್ದವಳು ತಲೆ ಎತ್ತದೆ, "ತಮಾ, ಇನ್ನು ಈ ಮೆಟ್ಲು ಹತ್ತಡ" ಎಂದಳಂತೆ. ಅಳುತ್ತಿದ್ದಳಂತೆ.

ನೀನು ನೆಟ್ಟಗೆ ನನ್ನ ಹತ್ತಿರ ಬಂದೆ.

"ಬೇಕಂತ ಓದಿದ್ಯನ?"

"ಛೇ, ಎಂತ ಮಾತಾಡ್ತಿ! ಖುಷಿಯಲ್ಲಿ ಬಾಯಿಗೆ ಬಂದ್ಬಿಡ್ತು."

ನಂಬಿದೆಯಲ್ಲೋ! ಮೇಲಿಂದ ನನಗೇ ಸಮಾಧಾನ ಹೇಳಿದೆ: "ಆತು ಬಿಡು. ಸುಳ್ಳು ಹೇಳಿದ್ದು ನಾನೇಯಲ. ನೀ ಬೇಜಾರ ಮಾಡ್ಕಬೇಡ." ಹಾಸ್ಟೆಲಿಗೆ ಕಟ್ಟಲು ನಿನ್ನಲ್ಲಿ ದುಡ್ಡಿರಲಿಲ್ಲ. ನನ್ನ ಕೋಣೆಯಲ್ಲಿರು ಎಂದು ನಾನು ಬಾಯಿಮಾತಿಗೂ ಹೇಳಲಿಲ್ಲ. ಪರೀಕ್ಷೆಗೆ ಮೊದಲೇ ಊರಿಗೆ ಹೋಗಿ ನೀನೂ ಬಲೆ ಹಿಡಿದೆ. ಗ್ಯಾದರಿಂಗಿನ ದಿನ ಮೈಕಿನ ಮುಂದೆ ನಿಂತವನು ನಾನು. ಚೆನ್ನಾಗಿಯೇ ಮಾತಾಡಿದೆ — ಥೂ.

ಎಲ್ಲ ಅಲ್ಲಿಗೇ ಮುಗಿಯಿತು ಎಂದುಕೊಂಡಿದ್ದೆ. ಕಳೆದ ತಿಂಗಳು ನಿನ್ನ ಮಗಳ ಮದುವೆಗೆ ನೀನು ನನ್ನನ್ನು ಮುರ್ಡೇಶ್ವರಕ್ಕೆ ಕರೆದೆ. ಬೀಗರ ಮುಂದೆ ನನ್ನ ಕೈ ಹಿಡಿದು ನಿಲ್ಲಿಸಿದೆ. "ನಮ್ಮಪ್ಪಂಗೆ ಜನ್ಮದಲ್ಲಿ ಯಾರೂ ಮರ್ಯಾದೆ ಕೊಟ್ಟು ಕರೆದವ್ರಲ್ಲ. ಇಡೀ ಕಾಲೇಜಿಗೆ ಕೇಳೂಹಂಗೆ 'ಜಟ್ಟಪ್ಪನವರು' ಅಂದವ ಇವನೊಬ್ಬನೇಯ. ನಾ ಹೋಗಿ ಹೇಳಿದ್ದೆ. ಅಪ್ಪ ಸಾಯೂವರೆಗೂ ಅದನ್ನೇ ಹೇಳ್ಕೊಂತಿದ್ದ." ನಿನ್ನ ಅಳಿಯ ಬಗ್ಗಿ ನನ್ನ ಕಾಲು ಮುಟ್ಟಿದ. ನಾನು — ತಡೆಯಲಿಲ್ಲ. ಪಂಕ್ತಿಯಲ್ಲಿ ಕೂತು ಹೊಟ್ಟೆ ತುಂಬ ಉಂಡು ಬಂದೆ.

ನಾಳೆ ಮಂಕಿಗೆ ಬರುತ್ತೇನೆ. ಮಗಳು, ಅಳಿಯ ಎಲ್ಲರನ್ನೂ ಕೂರಿಸು. ಆ ಹೆಸರು ಹೇಳಿದ್ದು ಮರ್ಯಾದೆಗಲ್ಲ, ನಿನ್ನ ಅನ್ನ ತಪ್ಪಿಸುವುದಕ್ಕೆ ಎಂದು ಅವರೆದುರೇ ಹೇಳುತ್ತೇನೆ. ನಿನ್ನ ಅಪ್ಪನಿಗೆ ಸಿಕ್ಕಿದ್ದ ಆ ಒಂದೇ ಒಂದು ಗೌರವವನ್ನೂ ನಾನೇ ಕಿತ್ತುಕೊಳ್ಳಬೇಕಾಗಿದೆ, ಮಂಜು.