ಅಜ್ಜನ ವಿಮಾನದ ನಂಬರು

"ಸರ್ಕಾರದ ರಿಕಾರ್ಡು ತಿದ್ದಕ್ಕಾಗಲ್ಲ ಕಣಮ್ಮ. ನೀನಲ್ಲ, ನಿನ್ನ ಪ್ರೊಫೆಸರ್ ಬಂದ್ರೂ ಅಷ್ಟೇ" ಎಂದವರು ನಮ್ಮ ದೊಡ್ಡಪ್ಪ. ಅವರ ಸಿಟ್ಟಿಗೆ ಕಾರಣವಿತ್ತು. ಎಪ್ಪತ್ತೊಂದರ ಯುದ್ಧದಲ್ಲಿ ನಮ್ಮ ಅಜ್ಜ ವಾಯುಪಡೆಯ ಮೆಕ್ಯಾನಿಕ್. ಒಂದು ದಿನ ಮೆಕ್ಯಾನಿಕ್‌ಗಳನ್ನೂ ಹತ್ತಿಸಿಕೊಂಡು ಎರಡು ಸಾಗಣೆ ವಿಮಾನ ಹೊರಟು ಒಂದೇ ಮರಳಿತು. ದಾಖಲೆಯಲ್ಲಿ ಅಜ್ಜನ ಹೆಸರು ಮರಳಿದ ವಿಮಾನದ ಪಟ್ಟಿಯಲ್ಲಿತ್ತು. ಆಮೇಲೆ ಕೆಲಸಕ್ಕೆ ಹಾಜರಾಗದೆ ತಲೆಮರೆಸಿಕೊಂಡ ಎಂದು ಬರೆದುಬಿಟ್ಟಿದ್ದರು. ನಮ್ಮೂರು ವಕ್ಕಲೇರಿಯಲ್ಲಿ ದೊಡ್ಡಪ್ಪ ಓಡಿಹೋದವನ ಮಗನೆನಿಸಿಕೊಂಡೇ ಬೆಳೆದರು.

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಅರ್ಜಿ ಬರೆಯುವುದು ನನಗೆ ಗೊತ್ತಿತ್ತು. ದಾಖಲೆ ತಿದ್ದಿ ಎಂದು ನಾಲ್ಕು ವರ್ಷ ಬರೆದೆ. ಪ್ರತಿ ಸಲವೂ ಅದೇ ಉತ್ತರ: ಸಾಕ್ಷಿ ಕೊಡಿ.

ಸಾಕ್ಷಿ ದೇವರಗೂಡಿನಲ್ಲಿತ್ತು. ಆಯುಧಪೂಜೆಯ ದಿನ ಮನೆಯವರ ವಾಹನ ಊರಲ್ಲಿಲ್ಲದಿದ್ದರೆ, ನಮ್ಮಲ್ಲಿ ಅದರ ನಂಬರು ಬರೆದ ಚೀಟಿಗೆ ಪೂಜೆ ಮಾಡುತ್ತಾರೆ. ಯುದ್ಧದ ವರ್ಷ ಅಜ್ಜ ಪೂಜೆಗೆಂದು ಕಾಗದದಲ್ಲಿ ತನ್ನ ವಿಮಾನದ ನಂಬರು ಬರೆದು ಕಳಿಸಿದ್ದ. ಅಜ್ಜಿ ಪ್ರತಿ ವರ್ಷ ಆ ಕಾಗದಕ್ಕೇ ಕುಂಕುಮ ಇಡುತ್ತಿದ್ದಳು. ದಾಖಲೆಯ ಜೊತೆ ತಾಳೆ ನೋಡಿದೆ, ಅದು ಮರಳದ ವಿಮಾನದ ನಂಬರು! ಮರಳಿದ ವಿಮಾನದ ಪೈಲಟ್ ಇನ್ನೂ ಬದುಕಿದ್ದರು. ಕಾಗದ ನೋಡಿ, ಅಜ್ಜ ತಮ್ಮ ಜೊತೆ ಇರಲಿಲ್ಲವೆಂದು ಬರೆದುಕೊಟ್ಟರು.

ಕಳೆದ ತಿಂಗಳು ಕೋಲಾರದಲ್ಲಿ ಅಧಿಕಾರಿಯೊಬ್ಬರು ತಿದ್ದಿದ ಪ್ರಮಾಣಪತ್ರವನ್ನು ಅಜ್ಜಿಯ ಕೈಗಿಟ್ಟರು. ಅಜ್ಜ ವಿಮಾನದ ಜೊತೆಗೇ ಮಡಿದನೆಂದು ಅದರಲ್ಲಿತ್ತು. ಅಜ್ಜಿ ಅದನ್ನು ದೊಡ್ಡಪ್ಪನಿಗೆ ಕೊಟ್ಟಳು.

"ತಗೊಳ್ಳೋ. ನಿಮ್ಮಪ್ಪ ಎಲ್ಲಿಗೂ ಓಡೋಗಿಲ್ಲ. ಇಷ್ಟು ವರ್ಷ ಇಡದಿದ್ದ ಎಡೆ, ಈ ಸಲ ಪಿತೃಪಕ್ಷಕ್ಕೆ ಇಡೋಣ, ನಡಿ."